ಕೂಗಳತೆ

ಥೋರಾ ಇವತ್ತು ಅರವತ್ತೆರಡು ಕಿಲೋಮೀಟರು ಕಾರು ಓಡಿಸಿದ್ದಾಳೆ,
ನಡಿಗೆಯ ಬಗ್ಗೆ ಜನರನ್ನು ಕೇಳಲು.

ನಗರಸಭೆಯ ನಮೂನೆ. ಒಂದೇ ಪ್ರಶ್ನೆ, ಎರಡೇ ಚೌಕ:
ದೊಡ್ಡ ಮನೆ, ಉದ್ದ ಹಿತ್ತಲು, ಹಾಲು ತರಲೂ ಕಾರು;
ಇಲ್ಲವೇ
ಚಿಕ್ಕ ಮನೆ, ಗೋಡೆಗೆ ಗೋಡೆ, ಅಂಗಡಿಗೆ ಚಪ್ಪಲಿ ಮೆಟ್ಟಿದರೆ ಸಾಕು.
ಒಂದಕ್ಕೆ ಮಾತ್ರ ಗುರುತು ಹಾಕಿ.

ವಿನಿಪೆಗ್ಗಿನ ಅಂಚು. ಏಪ್ರಿಲ್ ಬಂದರೂ
ಬೇಲಿಯ ನೆರಳಲ್ಲಿ ಕೊಳಕು ಹಿಮ ಬಾಡಿಗೆ ಬಾಕಿಯವನಂತೆ
ಏಳದೆ ಕೂತಿದೆ.
ಅಲ್ವಿನ್ ಪೆನ್ನರ್ ಪ್ರಶ್ನೆ ಮುಗಿಸಲೂ ಬಿಡಲಿಲ್ಲ.
"ಹಿತ್ತಲು. ಬರಕೋ.
ಇಪ್ಪತ್ತೆಂಟು ವರ್ಷ ಸಿಟಿ ಬಸ್ಸು ಓಡಿಸಿದೆ.
ಜನರ ಜಗಳ, ಒದ್ದೆ ಕೋಟಿನ ನಾತ, ಮಕ್ಕಳ ಅಳು
ಎಲ್ಲ ಬೆನ್ನ ಹಿಂದೆ.
ಈಗ ಬೆನ್ನ ಹಿಂದೆ ಹುಲ್ಲು ಮಾತ್ರ ಇರಲಿ."

ಹುಲ್ಲು ಇತ್ತು. ಅರ್ಧ ಎಕರೆ, ಇನ್ನೂ ಕಂದು.
ಎರಡು ಸೇಬಿನ ಗಿಡ, ತುಕ್ಕು ಹಿಡಿದ ಹಾಕಿ ಗೋಲು.
ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅವನಿಗೆ ಗೊತ್ತಿಲ್ಲ,
ಗೊತ್ತಿದ್ದರೂ ಒಪ್ಪುತ್ತಿರಲಿಲ್ಲ.

ಹೊರಡುವಾಗ, ಬಾಗಿಲ ಚೌಕಟ್ಟು ಹಿಡಿದು,
ತೀರಾ ಸಣ್ಣ ವಿಷಯವೆಂಬಂತೆ:
"ನವೆಂಬರಿನಲ್ಲಿ ಲೈಸೆನ್ಸ್ ಕಿತ್ತುಕೊಂಡರು. ಕಣ್ಣು.
ಇಲ್ಲಿಗೆ ಬಸ್ಸೂ ಇಲ್ಲ ನೋಡು.
ಈ ಕಡೆ ಮತ್ತೆ ಬಂದರೆ, ಒಂದು ಲೀಟರು ಹಾಲು.
ಎರಡು ಪರ್ಸೆಂಟಿನದು."

ಸಾರ್ಜೆಂಟ್ ಅವೆನ್ಯೂ. ಬೇಕರಿಯ ಮೇಲೆ, ಮೂರನೆಯ ಮಹಡಿ.
ಲಿಗಾಯಾಳ ಮನೆಯೊಳಗೆ ಬ್ರೆಡ್ಡಿನ ವಾಸನೆ
ಕೇಳದೆಯೇ ಬಂದು ಕೂರುತ್ತದೆ.
ಆಸ್ಪತ್ರೆಯ ಲಾಂಡ್ರಿಗೆ ಏಳು ನಿಮಿಷ, ಶಾಲೆಗೆ ನಾಲ್ಕು,
ಚರ್ಚು ಎದುರಿಗೇ.
ಇವಳ ಗುರುತು ಎಲ್ಲಿ ಬೀಳುತ್ತದೆಂದು ಥೋರಾಗೆ ಖಾತ್ರಿ.

"ಹಿತ್ತಲು," ಎಂದಳು ಲಿಗಾಯಾ.
"ಮಗನಿಗೆ ಆರು ವರ್ಷ. ಓಡಬೇಡ, ಹಾರಬೇಡ, ಮೆಲ್ಲಗೆ, ಮೆಲ್ಲಗೆ.
ಬೇರೆ ಮಾತೇ ಮರೆತಿದೆ ನನಗೆ.
ಚೆಂಡು ಬಿದ್ದರೆ ಕೆಳಗಿನವರು ಪೊರಕೆಯಿಂದ ಸೂರು ಕುಟ್ಟುತ್ತಾರೆ.
ಅವನು ಬೀಳಲಿಕ್ಕೊಂದು ಜಾಗ ಬೇಕು. ಹುಲ್ಲಿನ ಮೇಲೆ."

ಪೆನ್ನು ಚೌಕದ ಹತ್ತಿರ ಬಂದಿತ್ತು.
ಅಷ್ಟರಲ್ಲಿ ಬೀದಿಯಿಂದ ಬೇಕರಿಯವನ ದನಿ:
"ಲಿಗಾಯಾ! ನಿನ್ನ ಹುಡುಗ ಇಲ್ಲಿದ್ದಾನೆ,
ನಾಲ್ಕನೇ ಬನ್ನು ಕೇಳುತ್ತಿದ್ದಾನೆ, ಕೊಡಲೋ ಬೇಡವೋ?"
ಅವಳು ಕಿಟಕಿ ತಳ್ಳಿ ಬೇಡವೆಂದು ಕಿರುಚಿದಳು.
ನಕ್ಕಳು.
ಪೆನ್ನು ಕೈಯಲ್ಲೇ ಉಳಿಯಿತು.

ನಮ್ಮ ಮಾತಿನಲ್ಲಿ ದೂರಕ್ಕೊಂದು ಹಳೆಯ ಅಳತೆಯಿದೆ: ಕೂಗಳತೆ.
ಮೀಟರಲ್ಲ, ಮೈಲಿಯಲ್ಲ.
ಕೂಗಿದರೆ ಓಗೊಡುವವರು ಎಷ್ಟು ದೂರವೋ ಅಷ್ಟು.
ಆ ಕಿಟಕಿಯ ಬಳಿ ಅದು ಮೂರು ಮಹಡಿ.
ಅಲ್ವಿನ್ನನ ಹುಲ್ಲಿನಲ್ಲಿ ಎಷ್ಟೋ, ನಾನು ಅಳೆದಿಲ್ಲ.
ಕೆಲವರು ದುಡ್ಡು ಕೊಡುವುದೇ ಓಗೊಡದೆ ಇರುವ ಹಕ್ಕಿಗೆ,
ಅದೂ ನಿಜ.

ಲಿಗಾಯಾಳ ನಮೂನೆ ಖಾಲಿಯೇ ಬಂತು.
ಬೇಕರಿಯ ಪಕ್ಕದಂಗಡಿಯಲ್ಲಿ ಥೋರಾ ಹಾಲು ಕೊಂಡಳು,
ಮುಂದಿನ ಸೀಟಿಗೆ ಕೂರಿಸಿ ಬೆಲ್ಟು ಹಾಕಿದಳು.
ಹದಿನೆಂಟು ಕಿಲೋಮೀಟರು, ಯಾವ ಲೆಕ್ಕಕ್ಕೂ ಸೇರದವು.

ಅಲ್ವಿನ್ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.
"ಒಂದು ಪರ್ಸೆಂಟು ತಂದಿದ್ದೀಯ," ಎಂದು ಗೊಣಗಿದ.
ಆಮೇಲೆ ಅಂಗೈ ಮೇಲೆ ನಾಣ್ಯ ಎಣಿಸಿದ, ಬೆರಳಿನಿಂದ ಸವರಿ ಸವರಿ,
ಒಂದು ಸೆಂಟೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ;
ಸರಿಯಾದ ಚಿಲ್ಲರೆ ಕೊಡಿ ಎಂದು
ಇಪ್ಪತ್ತೆಂಟು ವರ್ಷ ಹೇಳಿದವನು.