ಅರವತ್ತಮೂರು ಪರ್ಸೆಂಟ್

ಎಸ್.ಪಿ. ರೋಡಿನ ಮೊದಲ ಮಹಡಿಯಲ್ಲಿ
ಜೋತುಬಿದ್ದ ಚಾರ್ಜರುಗಳ ಕೆಳಗೆ
ಸಾವಿರದ ಎಂಟುನೂರಕ್ಕೆ ಸಿಕ್ಕಿತು.
ಅಂಗಡಿಯ ಹುಡುಗ ಅಂಗಿಯ ಅಂಚಿಗೆ ಉಜ್ಜಿ ಕೊಟ್ಟ:
"ಓದೋರು ಇಟ್ಕೊಂಡಿದ್ದು ಸಾರ್, ಒಂದ್ ಸ್ಕ್ರಾಚ್ ಇಲ್ಲ."
ಬೆನ್ನಿಗೆ ಮಾತ್ರ ಅರ್ಧ ಕಿತ್ತ ಸ್ಟಿಕ್ಕರು,
ಯಾವುದೋ ಹಡಗಿನ ಮೂತಿ.

ಬಾಗಿಲಲ್ಲೇ ಸಂಯುಕ್ತ,
ಹಲ್ಲು ಬಿದ್ದ ಸಂದಿಗೆ ನಾಲಿಗೆ ತುರುಕಿಕೊಂಡು.
"ಟಿವಿನಾ?"
ಅಲ್ಲ.
"ಫೋನಾ?"
ಪುಸ್ತಕ.
ಸುಳ್ಳು ಹೇಳುವ ದೊಡ್ಡವರನ್ನು ನೋಡುವ ಹಾಗೆ ನೋಡಿದಳು.

ಆನ್ ಆಯಿತು, ಆತುರವೇ ಇಲ್ಲದೆ.
ಕಪ್ಪಾಗಿ, ಬೆಳ್ಳಗಾಗಿ, ಇನ್ನೊಮ್ಮೆ ಕಪ್ಪಾಗಿ.
"ಅಪ್ಪ, ಇದು ಕಣ್ಣು ಹೊಡೀತು!"
ಅಡುಗೆಮನೆಯಲ್ಲಿ ಪಂಕಜಾಳ ಕೈಯಿಂದ ಸೌಟು ಜಾರಿತು.

ತೆರೆದುಕೊಂಡದ್ದು ಯಾರೋ ಓದುತ್ತಿದ್ದ ಕಥೆ, ಇಂಗ್ಲಿಷಿನದು.
ಕೆಳಗಿನ ಮೂಲೆಯಲ್ಲಿ ಅರವತ್ತಮೂರು ಪರ್ಸೆಂಟ್.
ಆ ಪುಟದಲ್ಲಿ ಒಂದು ನಾಯಿ
ಹೊಳೆಯ ಅಂಚಿಗೆ ಬಂದು ನಿಂತಿದೆ, ಅಷ್ಟೆ.
"ಅವರ್ಯಾಕೆ ಮುಗಿಸ್ಲಿಲ್ಲ?"
ಗೊತ್ತಿಲ್ಲ.
"ನಾಯಿ ದಾಟ್ತಾ?"
ಗೊತ್ತಿಲ್ಲಮ್ಮ.
"ಪಾಪ, ಅವರಿಗೂ ಗೊತ್ತಿಲ್ಲ."

ಹನುಮಂತನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ.
ಆಧಾರು, ಜಾತಕ, ಡೈವೋರ್ಸ್ ನೋಟೀಸು, ಮಾರ್ಕ್ಸ್ ಕಾರ್ಡು
ದಿನವೆಲ್ಲ ನನ್ನ ಕೈದಾಟಿ ಹೋಗುತ್ತವೆ.
ಬೇರೆಯವರ ಕಾಗದ ಓದಬಾರದು,
ಹದಿನಾಲ್ಕು ವರ್ಷಗಳಿಂದ ನಾನು ಇಟ್ಟುಕೊಂಡ ನೇಮ ಅದೊಂದೇ.
'ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಬೇಕೆ?'
ಎಂದು ಅದು ಕೇಳಿದಾಗ ಬೆರಳು 'ಹೌದು' ಮೇಲೆಯೇ ಇತ್ತು.
ಅವಳು ಹಿಡಿದುಕೊಂಡಳು ಬೆರಳನ್ನು.

ಹಾಗೆ ಆ ರಾತ್ರಿ ನೇಮ ಮುರಿಯಿತು.
ನನಗೆ ಬರುವಷ್ಟು ಇಂಗ್ಲಿಷಿನಲ್ಲಿ
ತಡವರಿಸಿ, ಬಿಟ್ಟು, ಊಹಿಸಿ, ಕನ್ನಡಕ್ಕೆ ಎಳೆದು ತಂದೆ
ಯಾರದೋ ಬಾಕಿ ಮೂವತ್ತೇಳು ಪರ್ಸೆಂಟನ್ನು.
ಹೊಳೆಯನ್ನು ವೃಷಭಾವತಿ ಮಾಡಿದೆ, ಒಪ್ಪಲಿಲ್ಲ:
"ಆ ನಾತಕ್ಕೆ ಯಾವ ನಾಯಿ ಇಳಿಯುತ್ತೆ?"
ಸರಿ, ಬೇರೆ ಹೊಳೆ.
ಅಷ್ಟರಲ್ಲಿ ಕರೆಂಟು ಹೋಯಿತು.
ಆಗ ತಿಳಿಯಿತು, ಈ ಡಬ್ಬಕ್ಕೆ ಸ್ವಂತ ಬೆಳಕಿಲ್ಲ.
"ಹಂಗಾದ್ರೆ ಪುಸ್ತಕಾನೇ," ಅಂದಳು ಸಂಯುಕ್ತ, ಈಗ ನಂಬಿ.
ಪಂಕಜಾ ಫೋನಿನ ಟಾರ್ಚು ಹಿಡಿದು ನಿಂತಳು,
ಕೈ ಸೋತರೂ ಇಳಿಸಲಿಲ್ಲ, ಅವಳಿಗೂ ನಾಯಿಯದೇ ಚಿಂತೆ.

ಬೆಳಿಗ್ಗೆ ಅಳಿಸಿದೆವು.
ಭಾಷೆ ಯಾವುದೆಂದು ಕೇಳಿತು, ಉದ್ದನೆಯ ಪಟ್ಟಿ, ನಮ್ಮದಿರಲಿಲ್ಲ.
ವಯಸ್ಸು: ಆರು.
ಅಂಗಡಿಗೆ ಹೋಗದಂತೆ ಬೀಗ, ನಾಲ್ಕಂಕಿಯದು;
ನಾನು ಒತ್ತುವಾಗ ಗೋಡೆ ಕಡೆ ತಿರುಗಿ
ನಾಲ್ಕನ್ನೂ ಗಟ್ಟಿಯಾಗಿ ಹೇಳಿದಳು.
ಆಮೇಲೆ ಹೆಸರು. ಕಂಪ್ಯೂಟರಿನಲ್ಲಿ ಬರೆದು ಕಳಿಸಿದೆ.
ಒತ್ತು ಕೆಳಗಿಳಿಯಲೇ ಇಲ್ಲ:
ಸಂಯುಕ್‌ತ.
"ನನ್ ಹೆಸರಿಗೂ ಹಲ್ಲು ಬಿದ್ದಿದೆ!"

ಫಾಂಟು ಹುಡುಕಿ, ಕೇಬಲ್ಲು ಬದಲಿಸಿ, ಬೈದು, ಮತ್ತೆ ಹಾಕಿ,
ನಾಲ್ಕನೇ ಸಲಕ್ಕೆ
ತ ಬಂದು ಕ-ದ ಕಾಲ ಬಳಿ ಕೂತಿತು,
ಇಷ್ಟು ಹೊತ್ತು ಎಲ್ಲಿ ಹೋಗಿತ್ತೋ, ಏನೂ ಆಗಿಲ್ಲವೆಂಬಂತೆ.

ಸ್ಟಿಕ್ಕರು ಕೆರೆಯಲು ಬಿಡಲಿಲ್ಲ.
ಮಾರನೆಯ ಸಂಜೆ ಅಂಗಡಿಗೆ ಬಂದು
ಗಾಜಿನ ಮೇಲೆ ಒಂದು ಚೀಟಿ ಇಟ್ಟಳು, ಪೆನ್ಸಿಲಿನಲ್ಲಿ ಬರೆದದ್ದು:
"ಹಡಗಿನೋರಿಗೆ ಕಳ್ಸು. ಒಂದು ಜೆರಾಕ್ಸ್ ನಮಗೆ."
ಯಾರೆಂದು, ಎಲ್ಲಿಗೆಂದು ನಾನು ಕೇಳಲಿಲ್ಲ.
ಲ್ಯಾಮಿನೇಟ್ ಮಾಡಿ ಇಟ್ಟಿದ್ದೇನೆ, ಮೇಜಿನ ಖಾನೆಯಲ್ಲಿ,
ಎಸ್.ಪಿ. ರೋಡಿನ ಕಡೆ ಇನ್ನೂ ಕೆಲಸ ಬಿದ್ದಿಲ್ಲ.

ನಾಯಿ ದಾಟತು, ಎಂದಿದೆ ಅದರಲ್ಲಿ.
ಒತ್ತು ಮರೆತಿದ್ದಾಳೆ.
ನಾನು ತಿದ್ದಲಿಲ್ಲ.