ಬಹುದು

ಮಂಗಳವಾರ, ಕಮ್ಯುನಿಟಿ ಕಾಲೇಜಿನ ರಾತ್ರಿ ತರಗತಿ.
ಕಿಟಕಿಯಾಚೆ ಸುಪೀರಿಯರ್ ಸರೋವರ ಕತ್ತಲನ್ನು ತಿನ್ನುತ್ತ ಕೂತಿದೆ,
ಒಳಗೆ ಹೀಟರು ಕೆಮ್ಮುತ್ತದೆ. ನಾವು ಒಂಬತ್ತು ಮಂದಿ:
ಜೈಲಿನ ಕಾವಲಿನವಳೊಬ್ಬಳು, ಅಂಚೆಯವನೊಬ್ಬ,
ಮೀನು ಹಿಡಿಯುವವರಿಗೆ ಲೈಸೆನ್ಸು ಕೊಡುವ ಹುಡುಗ,
ಇನ್ನು ನಾನು, ಎಲ್ಡನ್ ಪ್ಯಾಸ್ಕೋ,
ಕೌಂಟಿಯ ಹಿಮ ಗೋರುವ ಲಾರಿಯ ಡ್ರೈವರು,
ಐವತ್ಮೂರಕ್ಕೆ ಪಬ್ಲಿಕ್ ಪಾಲಿಸಿ ಓದಲು ಬಂದವನು.
ಪ್ರಮೋಷನ್ನಿಗೆ ಹನ್ನೆರಡು ಕ್ರೆಡಿಟ್ಟು ಬೇಕಂತೆ,
ಬೇರೆ ಘನ ಕಾರಣವೇನೂ ಇಲ್ಲ.

ಮೊದಲ ದಿನ ಡಾಕ್ಟರ್ ಕಡಾಟ್ ಕೇಳಿದರು:
ಸರ್ಕಾರ ಎಲ್ಲಿ ಶುರುವಾಗುತ್ತದೆ?
ವಾಷಿಂಗ್ಟನ್ನಿನಲ್ಲಿ, ಎಂದ ಅಂಚೆಯವನು.
ಸಂಬಳದ ಚೀಟಿಯ ಕಡಿತದ ಕಾಲಮ್ಮಿನಲ್ಲಿ,
ಎಂದಳು ಕಾವಲಿನವಳು. ನಕ್ಕೆವು.
ಸೀಳುಹೊಳೆಯ ಸೇತುವೆಯ ಈಚೆ, ಎಂದೆ ನಾನು,
ಅಲ್ಲಿಗೆ ನಮ್ಮ ಕೌಂಟಿ ಮುಗಿಯುತ್ತದೆ,
ಬೆಳಗಿನ ನಾಲ್ಕಕ್ಕೆ ಅಲಗು ಎತ್ತುತ್ತೇನೆ.
ಆಚೆ ಬೀಳುವ ಹಿಮವೂ ಅದೇ ಆಕಾಶದ್ದು,
ಆದರೆ ಅದು ಇನ್ನೊಬ್ಬರ ಬಜೆಟ್ಟು.

ಅವರು ಅದನ್ನು ಬೋರ್ಡಿನ ಮೇಲೆ ಬರೆದರು.
ನನ್ನ ಮಾತನ್ನು ಈವರೆಗೆ ಯಾರೂ ಬರೆದುಕೊಂಡಿರಲಿಲ್ಲ,
ಒಮ್ಮೆ ಪೊಲೀಸರನ್ನು ಬಿಟ್ಟರೆ.

ಪುಸ್ತಕ ದಪ್ಪ. ಮಾರುಕಟ್ಟೆ ಸೋತಲ್ಲಿ
ಸರ್ಕಾರ ಕೈಹಾಕಬೇಕು, ಎನ್ನುತ್ತದೆ ಮೂರನೇ ಅಧ್ಯಾಯ.
ಸರ್ಕಾರ ಕೈಹಾಕಿದಲ್ಲೇ ಸೋಲು ಹುಟ್ಟುತ್ತದೆ, ಎನ್ನುತ್ತದೆ ನಾಲ್ಕನೆಯದು.
ಎರಡಕ್ಕೂ ಒಂದೇ ಹಳದಿ ಪೆನ್ನಿನಿಂದ ಗೆರೆ ಎಳೆದಿದ್ದೇನೆ.

ಆಮೇಲೆ ಮನೆಗೆಲಸ ಬಂತು: ನಿಮ್ಮ ಕೆಲಸವನ್ನು ಆಳುವ ನಿಯಮ,
ಅಕ್ಷರ ಬಿಡದೆ ಓದಿ ಬನ್ನಿ.
ಸ್ಟೀಲು ಕಪಾಟಿನಿಂದ ಗುಮಾಸ್ತೆ ತೆಗೆದುಕೊಟ್ಟಳು
ಹತ್ತೊಂಬತ್ತು ಪುಟ, ತುಕ್ಕು ಹಿಡಿದ ಪಿನ್ನು.
ಏಳನೇ ಕಲಮು: ಖಾಸಗಿ ದಾರಿಯ ಹಿಮವನ್ನು
ತೆಗೆಯತಕ್ಕದ್ದಲ್ಲ.
ಗೊತ್ತಿತ್ತು. ಲಾರಿಯ ಕೀಲಿಗಿಂತ ಮೊದಲು
ಕೈಗೆ ಕೊಟ್ಟದ್ದೇ ಅದನ್ನು.
ಕೆಳಗೆ, ಇರುವೆಸಾಲಿನಂಥ ಅಕ್ಷರದಲ್ಲಿ,
ಯಾರೂ ಹೇಳದೆ ಉಳಿದದ್ದು:
ವೈದ್ಯಕೀಯ ಅಗತ್ಯವಿದ್ದಲ್ಲಿ, ಚಾಲಕನು
ತನ್ನ ವಿವೇಚನೆಯ ಮೇರೆಗೆ ತೆಗೆಯಬಹುದು.

ಬಹುದು.

ಹನ್ನೊಂದು ಚಳಿಗಾಲ.
ಐಲಾ ಕೊಸ್ಕಿಯ ಮನೆ ರಸ್ತೆಯಿಂದ ಅರವತ್ತು ಅಡಿ.
ವಾರಕ್ಕೆ ಮೂರು ದಿನ, ನಲವತ್ತು ಮೈಲಿ ಆಚೆ,
ಯಂತ್ರವೊಂದು ಅವಳ ರಕ್ತ ತೊಳೆಯಬೇಕು.
ಐದು ಗಂಟೆಗೆ ಹಣೆಗೆ ಟಾರ್ಚು ಕಟ್ಟಿಕೊಂಡು
ಸಲಿಕೆ ಹಿಡಿದು ನಿಂತಿರುತ್ತಾಳೆ,
ನನ್ನ ಅಲಗು ಅವಳ ದಾರಿಯ ಬಾಯಿಗೆ
ಒತ್ತಿ ಹೋದ ಹಿಮದ ಗೋಡೆ ಒಡೆಯಲು.
ನಾನು ಕೈ ಎತ್ತುತ್ತಿದ್ದೆ, ಅವಳು ಸಲಿಕೆ ಎತ್ತುತ್ತಿದ್ದಳು.
ಅದನ್ನು ನಮಸ್ಕಾರ ಎಂದುಕೊಂಡಿದ್ದೆ.

ಈ ಬಹುದು ಯಾರದು, ಎಂದು ಕೇಳಿದೆ ತರಗತಿಯಲ್ಲಿ.
ಡಾಕ್ಟರ್ ಕಡಾಟ್ ಕನ್ನಡಕ ತೆಗೆದು ಒರೆಸಿದರು.
ತಕ್ಕದ್ದು ಸರ್ಕಾರದ್ದು, ಎಲ್ಡನ್. ಬಹುದು ನಿನ್ನದು.
ಮೀನಿನ ಹುಡುಗ ಬಿಡಲಿಲ್ಲ:
ಇವತ್ತು ಒಂದು ಮನೆ, ನಾಳೆ ನಲವತ್ತು.
ಡೀಸೆಲ್ಲು ಯಾರಪ್ಪನದು?
ಅವನ ಮಾತೂ ಸುಳ್ಳಲ್ಲ.
ಕರುಣೆ ಲೀಟರಿನಲ್ಲಿ ಬರುವುದಿಲ್ಲ.
ಗಂಟೆ ಹೊಡೆಯಿತು, ಉತ್ತರವಿಲ್ಲದೆ ಕೋಟು ತೊಟ್ಟೆವು.

ಗುರುವಾರ ಹದಿನಾಲ್ಕು ಇಂಚು ಬಿತ್ತು.
ಸ್ಟಿಯರಿಂಗು ತಿರುಗಿಸಿದೆ, ಅಷ್ಟೆ.
ಹೋಗಿ ಬರಲು ನಾಲ್ಕು ನಿಮಿಷ,
ಹನ್ನೊಂದು ವರ್ಷಕ್ಕೆ ಬರೀ ನಾಲ್ಕು ನಿಮಿಷ.

ಅವಳು ಥ್ಯಾಂಕ್ಸ್ ಹೇಳಲಿಲ್ಲ.
ಸಲಿಕೆಗೆ ಗದ್ದ ಊರಿ ನೋಡಿದಳು,
ಕಿಟಕಿ ಇಳಿಸುವಂತೆ ಸನ್ನೆ ಮಾಡಿದಳು.
ಏನಪ್ಪ, ಕಾನೂನು ಬದಲಾಯಿತಾ?

ಹೌದು, ಎಂದೆ.
ಚಳಿಯಲ್ಲಿ ಸುಳ್ಳು ಹೇಳುವುದು ಸುಲಭ,
ಮುಖದ ಮುಂದೆ ಉಸಿರಿನ ಹೊಗೆ ಇರುತ್ತದೆ.

ಡಿಪೋದಲ್ಲಿ ಲಾಗ್ ಪುಸ್ತಕ ತೆರೆದೆ.
ತಡವಾದ ನಿಮಿಷ: ನಾಲ್ಕು.
ಪಕ್ಕದ ಖಾನೆಯಲ್ಲಿ ಅಚ್ಚಾಗಿತ್ತು,
ಕಾರಣವನ್ನು ಕಡ್ಡಾಯವಾಗಿ ನಮೂದಿಸತಕ್ಕದ್ದು.
ಪೆನ್ನಿನ ಮಸಿ ಹೆಪ್ಪುಗಟ್ಟಿತ್ತು.
ಅಂಗೈಯಲ್ಲಿ ಹಿಡಿದು
ಬಿಸಿ ಮಾಡುತ್ತ ಕೂತೆ.