ಬಿರುಕಿನ ಮೇಲೊಂದು ಸಾಕ್ಷಿ

ಗೇಟು ತೆರೆದ ಹೆರ್ಮೀನಿಯೊ ಮೊದಲು ಹೇಳಿದ್ದು,
'ಬಿದ್ದಿಲ್ಲ ನೋಡಿ.'
ಆರು ಮಹಡಿ, ಹನ್ನೆರಡು ಸಂಸಾರ,
ತಾರಸಿಯ ಮೇಲೆ ನೀರಿನ ಕಪ್ಪು ಟ್ಯಾಂಕುಗಳು,
ಗ್ಯಾಸಿನ ಹಂಡೆಗಳ ನಡುವೆ ಒಗೆದು ಹರವಿದ ಬಟ್ಟೆ.
ಎಂಬತ್ತೈದರಲ್ಲಿ ನಿಂತಿತು. ಹದಿನೇಳರಲ್ಲಿ ನಿಂತಿತು.
ಇಪ್ಪತ್ತೆರಡರಲ್ಲೂ.
ಮೂರೂ ಸಲ ಸೆಪ್ಟೆಂಬರ್ ಹತ್ತೊಂಬತ್ತು;
ಮೆಕ್ಸಿಕೊ ನಗರದ ಈ ಬೀದಿಯಲ್ಲಿ ಆ ತಾರೀಖನ್ನು
ಕ್ಯಾಲೆಂಡರಿನಲ್ಲಿ ಯಾರೂ ಬೆರಳಿಟ್ಟು ತೋರಿಸುವುದಿಲ್ಲ.

ನನ್ನ ಚೀಲದಲ್ಲಿ ಸುತ್ತಿಗೆ, ಟಾರ್ಚು,
ಬಿರುಕಿನ ಅಗಲ ಅಳೆಯುವ ಗೆರೆಚೀಟಿ.
ಕೂದಲೆಳೆಯಷ್ಟಿದ್ದರೆ ಬರೆದುಕೊಂಡು ಮುಂದೆ ಹೋಗುತ್ತೇನೆ.
ಉಗುರು ಹೊಕ್ಕರೆ ನಿಲ್ಲುತ್ತೇನೆ.
ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ, ಮೂರನೆಯ ಕಂಬ.
ಬಡಿದರೆ ಠಣ್ ಅನ್ನಬೇಕು.
ಮಾಗಿ ಹೋದ ಕಲ್ಲಂಗಡಿಯ ಹಾಗೆ ಡಬ್ ಅಂದಿತು.

ಹೆರ್ಮೀನಿಯೊ ಟೋಪಿ ತೆಗೆದ.
'ಅದು ನಾನೇ ಮೆತ್ತಿದ್ದು. ಆಗ ನನಗೆ ಹದಿನೇಳು.
ಮೇಸ್ತ್ರಿ ಹೇಳಿದ: ತೂತು ತುಂಬು, ನುಣ್ಣಗೆ ಸಾರಿಸು,
ಬಣ್ಣದವರು ಕಾಯುತ್ತಿದ್ದಾರೆ.'
ಸಿಪ್ಪೆ ಕಿತ್ತೆ. ಒಳಗೆ ಸಿಮೆಂಟಲ್ಲ,
ಉಂಡೆ ಕಟ್ಟಿದ ಪತ್ರಿಕೆ.
ಬಿಡಿಸಿದರೆ ಅರ್ಧ ಫುಟ್‌ಬಾಲ್ ಆಟಗಾರ, ಹಾಸಿಗೆಯ ಜಾಹೀರಾತು,
ಕಾಣೆಯಾದವರ ಪಟ್ಟಿಯ ಒಂದು ಕಾಲಮ್ಮು.
ಅದರ ಹಿಂದೆ, ಬಾಗಿ, ಎಳೆಸಿಕೊಂಡು, ಮತ್ತೆ ಬಾಗಿ
ಬೆನ್ನು ನೆಟ್ಟಗೆ ಮಾಡಲಾರದ ಕಂಬಿ.
ಸುತ್ತುಗಂಬಿಯ ಕೊಕ್ಕೆ ಬಿಚ್ಚಿಕೊಂಡಿತ್ತು,
ಊಟದ ನಂತರ ಸಡಿಲಿಸಿದ ಬೆಲ್ಟಿನ ಹಾಗೆ.

ಮೂರನೆಯ ದಿನ ಸಂಜೆ ಎಲ್ಲರೂ ಮೆಟ್ಟಿಲ ಮೇಲೆ ಕೂತರು.
ದೋನ್ಯಾ ರೆಫುಹಿಯೊ (ಆಸರೆ ಎಂದೇ ಆಕೆಯ ಹೆಸರಿನರ್ಥ)
'ಮೂರು ತಡೆದದ್ದು ನಾಲ್ಕನ್ನು ತಡೆಯದೆ?' ಎಂದಳು.
ತಡೆದದ್ದಲ್ಲ ತಾಯಿ, ತೆತ್ತದ್ದು.
ಪ್ರತಿ ಸಲ ತನ್ನ ಬಿಗಿಯಿಂದ ಒಂದಿಷ್ಟು ಕೊಟ್ಟು
ನಿಮ್ಮನ್ನು ಬಿಡಿಸಿಕೊಂಡು ಬಂದಿದೆ ಈ ಮನೆ.
ಗಂಟು ಎಷ್ಟು ಉಳಿದಿದೆ, ಹೊರಗಿನಿಂದ ಕಾಣುವುದಿಲ್ಲ.

ಹೀಗಂದು ಕಾಗದದ ಕ್ಲಿಪ್ಪೊಂದನ್ನು
ಬಗ್ಗಿಸಿದೆ, ನೆಟ್ಟಗೆ ಮಾಡಿದೆ, ಬಗ್ಗಿಸಿದೆ.
ಐದಕ್ಕೆ ಮುರಿಯುತ್ತದೆ ಎಂದಿದ್ದೆ.
ಆರು. ಎಂಟು. ತಂತಿ ಬಿಸಿಯಾಯಿತು.
ಹನ್ನೊಂದಕ್ಕೂ ಮುರಿಯಲಿಲ್ಲ.
ಮಕ್ಕಳು ಚಪ್ಪಾಳೆ ತಟ್ಟಿದರು.
ರೆಫುಹಿಯೊ ಅದನ್ನು ಇಸಕೊಂಡು ಜಡೆಗೆ ಸಿಕ್ಕಿಸಿಕೊಂಡಳು.

ಹೇಳಬೇಕಿದ್ದ ಮಾತು ತಾರಸಿಯಲ್ಲೇ ಉಳಿಯಿತು.
ಹಿಂದಿನ ರಾತ್ರಿ ಬಟ್ಟೆಗಳ ಕೆಳಗೆ ಯಂತ್ರವಿಟ್ಟು ಕಿವಿಗೊಟ್ಟಿದ್ದೆ.
ಬಸ್ಸು ಹೋದರೂ, ಗಾಳಿ ತಾಕಿದರೂ
ಕಟ್ಟಡ ತೂಗುತ್ತದೆ, ಕಣ್ಣಿಗೆ ಕಾಣದಷ್ಟು.
ಕಟ್ಟಿದವರ ಲೆಕ್ಕದಲ್ಲಿ ಒಂದು ತೂಗಿಗೆ ಮುಕ್ಕಾಲು ಸೆಕೆಂಡು.
ಈಗ ಒಂದೂಕಾಲು.
ಬಿರುಕು ಹೆಚ್ಚಿದಷ್ಟೂ ಸಡಿಲ, ಸಡಿಲಾದಷ್ಟೂ ನಿಧಾನ;
ನಿಧಾನವೇ ಪ್ರಧಾನ ಅನ್ನುವ ಮಾತು ಇಲ್ಲಿ ಸಲ್ಲದು.
ಯಾಕೆಂದರೆ ಅಡಿಯಲ್ಲಿ ಹೂತುಹೋದ ಕೆರೆಯಿದೆ,
ಜೊಂಡು, ದೋಣಿ, ಒಂದು ಕಾಲದ ತೋಟಗಳ ಕೆಸರು.
ಅದಕ್ಕೆ ಅದರದೇ ಲಯ: ಸುಮಾರು ಎರಡು ಸೆಕೆಂಡು.
ಗಟ್ಟಿಯಿದ್ದಾಗ ಈ ಮನೆಗೆ ಆ ತಾಳ ಹಿಡಿಯುತ್ತಿರಲಿಲ್ಲ.
ಪೆಟ್ಟು ತಿಂದು ತಿಂದು
ಒಂದೊಂದೇ ಮಾತ್ರೆ ಕಲಿಯುತ್ತಿದೆ.
ಇಬ್ಬರ ತಾಳ ಕೂಡಿದರೆ ಏನೆಂಬುದಕ್ಕೆ
ವರದಿಯಲ್ಲಿ ಒಂದು ಸಾಲಿದೆ,
ಇಪ್ಪತ್ತಮೂರನೆಯ ಪುಟದಲ್ಲಿ.

ಹೊರಡುವ ಮುನ್ನ ಮೂರನೆಯ ಕಂಬದ ಬಿರುಕಿಗೆ ಅಡ್ಡಲಾಗಿ
ಹೆರ್ಮೀನಿಯೊ ಜಿಪ್ಸಂ ಕಲಸಿ ಬಿಲ್ಲೆಯೊಂದನ್ನು ಮೆತ್ತಿದ,
ರೊಟ್ಟಿಯಷ್ಟು ತೆಳ್ಳಗೆ.
ಇಲ್ಲಿಯ ಮೇಸ್ತ್ರಿಗಳು ಅದನ್ನು ಸಾಕ್ಷಿ ಅನ್ನುತ್ತಾರೆ.
ಬಿರುಕು ಅಲುಗಿದರೆ ಮೊದಲು ಸಾಕ್ಷಿ ಒಡೆಯುತ್ತದೆ.
ಪೆನ್ಸಿಲ್ಲನ್ನು ನಾಲಗೆಗೆ ತಾಗಿಸಿ ತಾರೀಖು ಬರೆದ.
ಈ ಸಲ ಒಳಗೆ ಏನೂ ತುರುಕಿಲ್ಲ ಎಂದು
ಎರಡೂ ಅಂಗೈ ಬಿಡಿಸಿ ತೋರಿಸಿದ.

'ಒಡೆದರೆ ಎಲ್ಲರನ್ನೂ ಹೊರಗೆ ಕಳಿಸಿ, ಆಮೇಲೆ ಫೋನ್ ಮಾಡಿ.'
'ಒಡೆಯದಿದ್ದರೆ?'

ಮೇಲೆ ಯಾರದೋ ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು.
ಸಾಕ್ಷಿ ಇನ್ನೂ ಹಸಿಯಾಗಿತ್ತು.